ವೇಗದ ಎಂಜಿನ್‌ಗೆ ಹಾರ್ಮೋನಿಕ್ ಬ್ಯಾಲೆನ್ಸರ್ ಆರಿಸುವ ಬಗೆ

ಎಂಜಿನ್ ಕಟ್ಟಿಸಲು ಹೊರಟವರು ಪಿಸ್ಟನ್, ಕ್ಯಾಮ್, ಟರ್ಬೊ ಎಂದು ಪಟ್ಟಿ ಬರೆದುಕೊಂಡೇ ಬರುತ್ತಾರೆ. ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಯಲ್ಲಿ ಬೆಲ್ಟನ್ನು ಹೊತ್ತು ತಿರುಗುತ್ತ ಅದರ ತಿರುಚು ಕಂಪನವನ್ನು ತಗ್ಗಿಸುವ ಹಾರ್ಮೋನಿಕ್ ಬ್ಯಾಲೆನ್ಸರ್ (ಡ್ಯಾಂಪರ್ ಎನ್ನುವುದೂ ಇದನ್ನೇ) ಆ ಪಟ್ಟಿಯಲ್ಲಿ ಇರುವುದೇ ಅಪರೂಪ. ಇದ್ದರೂ ಕೊನೆಯ ಸಾಲಿನಲ್ಲಿ, ಮಿಕ್ಕ ದುಡ್ಡಿಗೆ ಸಿಕ್ಕಿದ್ದು ಎಂಬ ಲೆಕ್ಕದಲ್ಲಿರುತ್ತದೆ. ಹೊಸೂರಿನಿಂದ ಬಾಗಲೂರು, ಬೇರಿಗೆ, ತಳಿ, ಡೆಂಕಣಿಕೋಟೆಯವರೆಗಿನ ನಮ್ಮ ಗಡಿಸೀಮೆಯಲ್ಲಿ ಕಾರು, ಜೀಪುಗಳನ್ನು ರ‍್ಯಾಲಿಗೂ ಡ್ರ್ಯಾಗ್‌ಗೂ ಸಜ್ಜುಗೊಳಿಸುವ ಹುಡುಗರಿದ್ದಾರೆ, ಅವರಿಗೆ ಬೇಕಾದ ಲೇತ್, ಗ್ರೈಂಡಿಂಗ್, ಬ್ಯಾಲೆನ್ಸಿಂಗ್ ಬಲ್ಲ ಕೈಗಳೂ ಇಲ್ಲಿಯ ಸಿಪ್ಕಾಟ್, ಸಿಡ್ಕೋ ಶೆಡ್‌ಗಳಲ್ಲಿವೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದ್ದು ಇಷ್ಟೆ: ಬ್ಯಾಲೆನ್ಸರನ್ನು ಕುದುರೆಶಕ್ತಿಯ ಅಂಕಿ ನೋಡಿ ಆರಿಸಬಾರದು, ಕ್ರ್ಯಾಂಕನ್ನೂ ಅದು ಹೆಚ್ಚು ಹೊತ್ತು ತಿರುಗುವ ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳ) ಪಟ್ಟಿಯನ್ನೂ ನೋಡಿ ಆರಿಸಬೇಕು.

ಸಿಲಿಂಡರಿನಲ್ಲಿ ಮಿಶ್ರಣ ಹೊತ್ತಿಕೊಂಡಾಗಲೆಲ್ಲ ಕನೆಕ್ಟಿಂಗ್ ರಾಡು ಕ್ರ್ಯಾಂಕಿನ ಆ ಭಾಗವನ್ನು ಮುಂದಕ್ಕೆ ತಳ್ಳುತ್ತದೆ, ಉಳಿದ ಭಾಗ ಒಂದು ಕ್ಷಣ ಹಿಂದುಳಿಯುತ್ತದೆ. ಉಕ್ಕು ಎಷ್ಟೇ ದಪ್ಪವಿದ್ದರೂ ಡಿಗ್ರಿಯ ಒಂದಂಶದಷ್ಟಾದರೂ ತಿರುಚಿಕೊಂಡು ಮತ್ತೆ ಹಿಂದಕ್ಕೆ ಚಿಮ್ಮುತ್ತದೆ. ಕ್ರ್ಯಾಂಕನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಹೊರಡುವುದನ್ನು ಎಂಜಿನ್ ಕೆಲಸದವರೆಲ್ಲ ಕೇಳಿದ್ದಾರೆ. ಬಾಗುವುದಕ್ಕೆ ಹೇಗೋ ಹಾಗೆಯೇ ತಿರುಚುವುದಕ್ಕೂ ಪ್ರತಿ ಕ್ರ್ಯಾಂಕಿಗೆ ತನ್ನದೇ ಆದ ಸಹಜ ಕಂಪನಾಂಕ ಇರುತ್ತದೆ. ಹಿಂದಿನ ತುದಿಯಲ್ಲಿ ಭಾರವಾದ ಫ್ಲೈವೀಲ್ ಇರುವುದರಿಂದ ಅಲ್ಲಿ ಅಲುಗಾಟ ಕಡಿಮೆ, ಮುಂದಿನ ಮೂತಿಯಲ್ಲೇ ಹೆಚ್ಚು. ಆದ್ದರಿಂದಲೇ ಡ್ಯಾಂಪರನ್ನು ಮುಂದೆ ಕೂರಿಸುತ್ತಾರೆ, ಆದ್ದರಿಂದಲೇ ಟೈಮಿಂಗ್ ಚೈನು, ಆಯಿಲ್ ಪಂಪು, ಬೆಲ್ಟುಗಳು ಎಲ್ಲಕ್ಕಿಂತ ಮೊದಲು ಏಟು ತಿನ್ನುತ್ತವೆ.

ಇದನ್ನು ಲೆಕ್ಕದಲ್ಲಿ ನೋಡಿದರೆ ಮುಂದಿನ ಮಾತೆಲ್ಲ ಸುಲಭವಾಗುತ್ತದೆ. ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ದಹನವಾಗುತ್ತದೆ; ಹಾಗಾಗಿ ತಿರುಚುವ ಒದೆತಗಳು ಮುಖ್ಯವಾಗಿ ಸುತ್ತಿಗೆ ಎರಡು, ನಾಲ್ಕು, ಆರು, ಎಂಟು ಎಂಬ ಕ್ರಮಾಂಕಗಳಲ್ಲಿ ಬರುತ್ತವೆ. ಕ್ರ್ಯಾಂಕಿನ ಸಹಜ ಕಂಪನಾಂಕ 400 ಹರ್ಟ್ಸ್, ಅಂದರೆ ಸೆಕೆಂಡಿಗೆ 400 ಸಲ, ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 400ನ್ನು 60ರಿಂದ ಗುಣಿಸಿ ಕ್ರಮಾಂಕದಿಂದ ಭಾಗಿಸಿದರೆ, ಎಂಟನೆಯದು 3000 ಆರ್‌ಪಿಎಂನಲ್ಲಿ, ಆರನೆಯದು 4000ದಲ್ಲಿ, ನಾಲ್ಕನೆಯದು 6000ದಲ್ಲಿ ಕ್ರ್ಯಾಂಕಿನ ಸಹಜ ಕಂಪನವನ್ನು ಸಂಧಿಸುತ್ತದೆ. ಎರಡನೆಯದು ಸಂಧಿಸಬೇಕಾದರೆ 12000 ಮುಟ್ಟಬೇಕು, ಅದರ ಚಿಂತೆ ಬೇಡ. ಕ್ರಮಾಂಕ ಚಿಕ್ಕದಾದಷ್ಟೂ ಸಾಮಾನ್ಯವಾಗಿ ಒದೆತ ಬಲವಾಗಿರುತ್ತದೆ, ಆದ್ದರಿಂದ 6000ದ ಸಂಧಿಯೇ ಅಪಾಯದ್ದು. ಊರಿನಲ್ಲಿ ಓಡುವ ಕಾರು ವರ್ಷಕ್ಕೆ ನಾಲ್ಕು ಸಲ ಆ ಆರ್‌ಪಿಎಂ ದಾಟಿದರೆ ಹೆಚ್ಚು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲೋ ಇರುಂಗಾಟ್ಟುಕೋಟ್ಟೈನ ಟ್ರ್ಯಾಕಿನಲ್ಲೋ ಓಡುವ ಕಾರು ಅದರ ಆಸುಪಾಸಿನಲ್ಲೇ ಇಡೀ ರೇಸನ್ನು ಕಳೆಯುತ್ತದೆ.

ಕಂಪನಿಯವರು ಮೂಲ ಡ್ಯಾಂಪರಿನೊಳಗೆ ಕಂಪನ ಹೀರುವ ರಬ್ಬರನ್ನು ಅವರ ಕ್ರ್ಯಾಂಕು, ಅವರ ರಾಡು, ಅವರ ಪಿಸ್ಟನ್, ಅವರ ಫ್ಲೈವೀಲ್ ಸೇರಿದ ಕಂಪನಾಂಕಕ್ಕೆ ಹೊಂದಿಸಿರುತ್ತಾರೆ. ನಾವು ಹಗುರವಾದ ರಾಡು, ಪಿಸ್ಟನ್ ಹಾಕಿದೊಡನೆ ತಿರುಗುವ ಜಡತ್ವ ಇಳಿದು ಕಂಪನಾಂಕ ಏರುತ್ತದೆ. 400 ಇದ್ದದ್ದು 430 ಆಯಿತೆನ್ನಿ, ನಾಲ್ಕನೆಯ ಕ್ರಮಾಂಕದ ಸಂಧಿ 6000ದಿಂದ 6450ಕ್ಕೆ ಸರಿಯಿತು. ಅದೇ ವೇಳೆಗೆ ರೆವ್ ಲಿಮಿಟನ್ನು (ಎಂಜಿನ್ ದಾಟಬಾರದ ವೇಗ, ಮೀಟರಿನ ಕೆಂಪು ಗೆರೆ) 6500ರಿಂದ 7500ಕ್ಕೆ ಏರಿಸಿದ್ದೇವೆ. ಮೊದಲು ಕೆಂಪು ಗೆರೆಯ ಅಂಚಿನಲ್ಲಿದ್ದ ಸಂಧಿ ಈಗ ಗೇರು ಬದಲಿಸುವ ಪಟ್ಟಿಯ ನಟ್ಟನಡುವೆ ಬಂದು ಕೂತಿತು, ರಬ್ಬರು ಮಾತ್ರ ಹಳೆಯ 400ನ್ನೇ ಕಾಯುತ್ತಿದೆ. ಟರ್ಬೊ ಹಾಕಿದವರಲ್ಲಿ ಸಂಧಿಯ ಜಾಗ ಹೆಚ್ಚು ಸರಿಯದಿದ್ದರೂ ಒದೆತದ ಬಲ ಏರುತ್ತದೆ. ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಏರಿಸಿಕೊಂಡ, ಡೀಸೆಲ್ ಜೀಪಿನವರು, ನಮ್ಮದು 4500 ದಾಟುವುದೇ ಇಲ್ಲವಲ್ಲ, ನಮಗೇಕೆ ಇದು ಎಂದು ಕೇಳುತ್ತಾರೆ. ಡೀಸೆಲ್ಲಿನಲ್ಲಿ ದಹನದ ಒತ್ತಡ ಪೆಟ್ರೋಲಿಗಿಂತ ಬಹಳ ಹೆಚ್ಚು, ಕ್ರ್ಯಾಂಕು, ಪಿಸ್ಟನ್‌ಗಳೂ ಭಾರ; ಅಲ್ಲಿ ಕಂಪನಾಂಕ 300 ಹರ್ಟ್ಸ್ ಇದ್ದರೆ ಆರನೆಯ ಕ್ರಮಾಂಕ 3000 ಆರ್‌ಪಿಎಂನಲ್ಲೇ ಸಂಧಿಸುತ್ತದೆ, ಅಂದರೆ ಘಾಟಿ ಹತ್ತುವಾಗ ಕಾಲಿಟ್ಟುಕೊಂಡೇ ಇರುವ ಜಾಗದಲ್ಲಿ. ಸಾಲಾಗಿ ಆರು ಸಿಲಿಂಡರಿರುವ ಎಂಜಿನ್ನಿನಲ್ಲಿ ಕ್ರ್ಯಾಂಕು ಉದ್ದವಾಗಿ ಮೆತ್ತಗಾಗುವುದರಿಂದ ಸಮಸ್ಯೆ ಇನ್ನೂ ತೀವ್ರ.

ಆದ್ದರಿಂದ ಡ್ಯಾಂಪರನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕುವ ಅಭ್ಯಾಸವನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಹಗುರ ಪುಲ್ಲಿಯಿಂದ ಎಂಜಿನ್ ಚುರುಕಾಗಿ ಏರಿದಂತೆ ಅನ್ನಿಸುವುದು ಸುಳ್ಳಲ್ಲ. ತಳಿ ಕಡೆಯಿಂದ ನಮ್ಮಲ್ಲಿಗೆ ಬಂದ ಅಂಥದೊಂದು ಎಂಜಿನ್ನನ್ನು ಬಿಚ್ಚಿದಾಗ ಕಂಡದ್ದನ್ನು ಹೇಳುತ್ತೇನೆ. ಕೆಂಪು ಬಣ್ಣದ ಪುಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಹಿಂದೆ ಕ್ರ್ಯಾಂಕಿನ ಮೂತಿಯ ಮೇಲೆಯೇ ಕೂತು ತಿರುಗುವ ಆಯಿಲ್ ಪಂಪಿನ ಒಳಗಿಯರು ಮೂರು ತುಂಡಾಗಿತ್ತು. ಗಿಯರನ್ನು ಹಿಡಿದುಕೊಳ್ಳುವ ಕ್ರ್ಯಾಂಕಿನ ಎರಡು ಚಪ್ಪಟೆ ಮುಖಗಳ ಅಂಚುಗಳು ಮಾತ್ರ ಸುತ್ತಿಗೆಯಿಂದ ಬಡಿದಂತೆ ಹೊಳೆಯುತ್ತಿದ್ದವು, ನಡುಭಾಗ ಮಾಸಲು ಬೂದುಬಣ್ಣದಲ್ಲೇ ಉಳಿದಿತ್ತು. ಒಂದೇ ದಿಕ್ಕಿನಲ್ಲಿ ತಳ್ಳಬೇಕಾದ ಮೂತಿ ಹಿಂದಕ್ಕೂ ಮುಂದಕ್ಕೂ ಬಡಿದದ್ದರ ಗುರುತು ಅದು. ಎಣ್ಣೆ ನಿಂತದ್ದರಿಂದ ಬೇರಿಂಗುಗಳಲ್ಲಿ ತಾಮ್ರ ಕಾಣಿಸುತ್ತಿತ್ತು. ಕ್ರ್ಯಾಂಕಿನಿಂದ ನೇರವಾಗಿ ತಿರುಗುವ ಆಯಿಲ್ ಪಂಪಿರುವ ಎಂಜಿನ್‌ಗಳಲ್ಲೆಲ್ಲ ಈ ಭಯ ಇದ್ದೇ ಇದೆ. ನಿಸ್ಸಾನಿನ ಹೆಸರಾಂತ ಆರ್‌ಬಿ26 ಎಂಜಿನ್ನಿನ ಆರಂಭದ ಕ್ರ್ಯಾಂಕುಗಳಲ್ಲಿ ಪಂಪನ್ನು ಹಿಡಿಯುವ ಭಾಗ ಕಿರಿದಾಗಿದ್ದು, ಹೆಚ್ಚು ಶಕ್ತಿ ತೆಗೆಯುವವರೆಲ್ಲ ಅದಕ್ಕೆ ಅಗಲದ ಕಾಲರ್ ಹಾಕಿಸಿಕೊಳ್ಳುವುದು ವಾಡಿಕೆಯಾಯಿತು. ಆಯಿಲ್ ಪಂಪು ಒಡೆಯದಿದ್ದರೆ ಫ್ಲೈವೀಲಿನ ಬೋಲ್ಟುಗಳು ಸಡಿಲವಾಗಬಹುದು, ಕೊನೆಗೆ ಕ್ರ್ಯಾಂಕೇ ಬೇರಿಂಗಿನಲ್ಲಿ ಕೂರುವ ಮೊದಲ ಜರ್ನಲ್ಲಿನ ತಿರುವಿನಲ್ಲಿ ಬಿರುಕು ಬಿಡಬಹುದು.

ಕೆಲವು ಸಣ್ಣ ಎಂಜಿನ್‌ಗಳು ಕಾರ್ಖಾನೆಯಿಂದಲೇ ರಬ್ಬರಿಲ್ಲದ ಪುಲ್ಲಿಯೊಂದಿಗೆ ಬರುತ್ತವೆ ಎಂಬುದು ನಿಜ. ಅಂಥ ಕಡೆ ಕ್ರ್ಯಾಂಕು ಗಿಡ್ಡವಾಗಿ ಬಿರುಸಾಗಿರುವುದರಿಂದ ಅಪಾಯದ ಸಂಧಿ ಕೆಂಪು ಗೆರೆಯ ಆಚೆ ಇರುತ್ತದೆ. ಕೆಂಪು ಗೆರೆಯನ್ನು ನಾವೇ ಎರಡು ಸಾವಿರ ಆಚೆಗೆ ಸರಿಸಿದ ಮೇಲೆ ಆ ಭರವಸೆ ಉಳಿಯುವುದಿಲ್ಲ.

ಇನ್ನು ಬಗೆಗಳ ವಿಚಾರ. ಹೆಚ್ಚು ಬಳಕೆಯಲ್ಲಿರುವುದು ರಬ್ಬರಿನದು: ನಡುವೆ ಕ್ರ್ಯಾಂಕಿನ ಮೂತಿಗೆ ಕೂರುವ ಹಬ್, ಹೊರಗೆ ಭಾರವಾದ ಉಂಗುರ, ಎರಡರ ನಡುವೆ ರಬ್ಬರು. ಕ್ರ್ಯಾಂಕು ಒಂದು ಕಡೆ ಚಿಮ್ಮಿದಾಗ ಉಂಗುರ ಅದಕ್ಕೆ ಎದುರಾಗಿ ಅಲುಗುತ್ತದೆ, ಒಂದು ದೊಡ್ಡ ಕಂಪನ ಶಿಖರ ಎರಡು ಸಣ್ಣ ಶಿಖರಗಳಾಗಿ ಒಡೆಯುತ್ತದೆ, ಉಳಿದದ್ದನ್ನು ರಬ್ಬರು ಶಾಖವಾಗಿ ತಿನ್ನುತ್ತದೆ. ಇದರ ಬಲವೂ ಮಿತಿಯೂ ಒಂದೇ: ಹೊಂದಿಸಿದ ಕಂಪನಾಂಕದ ಸುತ್ತ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಆಚೀಚೆ ಹೋದಂತೆ ಮಂಕಾಗುತ್ತದೆ. ಬಿಸಿಗೆ ರಬ್ಬರು ಮೆತ್ತಗಾಗುತ್ತದೆ, ಎಣ್ಣೆ ತಾಗಿದರೆ ಉಬ್ಬುತ್ತದೆ, ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ರೇಸಿಗೆಂದೇ ಮಾಡಿದ ರಬ್ಬರ್ ಡ್ಯಾಂಪರುಗಳಲ್ಲಿ, ಉದಾಹರಣೆಗೆ ಎಟಿಐ ಸಂಸ್ಥೆಯವುಗಳಲ್ಲಿ, ಉಂಗುರವನ್ನು ಬಿಚ್ಚಿ ಬೇರೆ ಬೇರೆ ಗಡಸುತನದ ರಬ್ಬರು ಹಾಕಿ ಎಂಜಿನ್ನಿಗೆ ಹೊಂದಿಸಿಕೊಳ್ಳಬಹುದು, ಸವೆದಾಗ ಹೊಸದಾಗಿ ಕಟ್ಟಿಸಲೂಬಹುದು. ತನ್ನ ಎಂಜಿನ್ನಿನ ಭಾಗಗಳ ತೂಕ, ಸ್ಟ್ರೋಕ್, ಆರ್‌ಪಿಎಂ ಮಿತಿ ನಿಖರವಾಗಿ ಗೊತ್ತಿದ್ದು ತಯಾರಕರಿಗೆ ಬರೆದು ಕೇಳಬಲ್ಲವನಿಗೆ ಇದು ಒಳ್ಳೆಯ ಆಯ್ಕೆ.

ಎರಡನೆಯದು ವಿಸ್ಕಸ್ ಡ್ಯಾಂಪರ್. ಮುಚ್ಚಿದ ಉಕ್ಕಿನ ಕವಚದೊಳಗೆ ಒಂದು ಉಂಗುರ ಯಾವುದಕ್ಕೂ ಅಂಟಿಕೊಳ್ಳದೆ ಇರುತ್ತದೆ, ಅದರ ಸುತ್ತಲಿನ ಕೂದಲೆಳೆಯಷ್ಟು ಸಂದಿಯಲ್ಲಿ ಜೇನಿಗಿಂತಲೂ ಮಂದವಾದ ಸಿಲಿಕೋನ್ ದ್ರವ ತುಂಬಿರುತ್ತದೆ. ಕವಚ ಕ್ರ್ಯಾಂಕಿನೊಂದಿಗೆ ಅದುರಿದಾಗ ಉಂಗುರ ತನ್ನ ಜಡತ್ವದಿಂದ ಒಂದೇ ಸಮನೆ ತಿರುಗುತ್ತದೆ, ನಡುವಿನ ದ್ರವ ಉಜ್ಜಿಕೊಂಡು ಕಂಪನವನ್ನು ಶಾಖವಾಗಿಸುತ್ತದೆ. ಬ್ರಿಟನ್ನಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಆರಂಭದಲ್ಲೇ ಕಂಡುಕೊಂಡ ಉಪಾಯದ ಸಂತತಿ ಇದು. ಒಂದೇ ಕಂಪನಾಂಕಕ್ಕೆ ಕಟ್ಟುಬೀಳದೆ ಅಗಲವಾದ ಪಟ್ಟಿಯಲ್ಲಿ ಕೆಲಸ ಮಾಡುವುದು ಇದರ ಗುಣ. ದೊಡ್ಡ ಡೀಸೆಲ್ ಲಾರಿ ಎಂಜಿನ್‌ಗಳಲ್ಲಿ ಇದು ಹಿಂದಿನಿಂದಲೂ ಇದೆ. ಫ್ಲೂಯಿಡ್ಯಾಂಪರ್ ಎಂಬ ಹೆಸರಿನಲ್ಲಿ ರೇಸಿನವರಿಗೆ ಪರಿಚಿತವಾದದ್ದೂ ಇದೇ ಬಗೆ. ಆದರೆ ಇದನ್ನು ಮೊಟ್ಟೆಯಷ್ಟು ಜೋಪಾನ ಮಾಡಬೇಕು. ಕವಚಕ್ಕೆ ಒಂದು ಸಣ್ಣ ನೆಗ್ಗು ಬಿದ್ದರೂ ಒಳಗಿನ ಸಂದಿ ಮುಚ್ಚಿ ಉಂಗುರ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಅದು ಬರೀ ಭಾರದ ಚಕ್ರ. ಕವಚದ ಮೇಲೆ ಡ್ರಿಲ್ ಇಡುವುದು, ಲೇತಿಗೆ ಕಟ್ಟಿ ಸವರುವುದು ಸರ್ವಥಾ ಕೂಡದು. ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಹಳೆಯ ವಿಸ್ಕಸ್ ಡ್ಯಾಂಪರ್ ಅಗ್ಗಕ್ಕೆ ಸಿಕ್ಕಿದರೂ ಕೊಳ್ಳಬೇಡಿ, ಒಳಗೆ ದ್ರವದ ಸ್ಥಿತಿ ಹೇಗಿದೆ ಎಂದು ಹೊರಗಿನಿಂದ ತಿಳಿಯುವ ಉಪಾಯವಿಲ್ಲ.

ಸ್ಪ್ರಿಂಗಿನ ಒತ್ತಡದಲ್ಲಿ ಘರ್ಷಣೆಯ ತಟ್ಟೆಗಳು ಜಾರುವ ಬಗೆಯೂ, ಉರುಳುವ ತೂಕಗಳಿರುವ ಲೋಲಕದ ಬಗೆಯೂ ಇವೆ. ಮೊದಲನೆಯದಕ್ಕೆ ಆಗಾಗ ಬಿಚ್ಚಿ ನೋಡುವ ಶ್ರದ್ಧೆ ಬೇಕು, ಎರಡನೆಯದು ನಮ್ಮ ಕಡೆಯ ಎಂಜಿನ್‌ಗಳಿಗೆ ಸಿಗುವುದು ದುರ್ಲಭ.

ಹಾಗಾದರೆ ಯಾರಿಗೆ ಯಾವುದು? ಮೂಲ ಕ್ರ್ಯಾಂಕು, ಮೂಲ ರೆವ್ ಲಿಮಿಟ್, ಬರೀ ರೀಮ್ಯಾಪ್ ಇರುವ ಗಾಡಿಗೆ ಕಂಪನಿಯ ಹೊಸ ಡ್ಯಾಂಪರಿಗಿಂತ ಉತ್ತಮವಾದದ್ದಿಲ್ಲ. ಹತ್ತು ವರ್ಷದ ಹಳೆಯ ರಬ್ಬರನ್ನೇ ಇಟ್ಟುಕೊಂಡು ಟರ್ಬೊ ಒತ್ತಡ ಏರಿಸುವವರು ಮೊದಲು ಮಾಡಬೇಕಾದ ಖರ್ಚು ಅದೇ. ರಾಡು, ಪಿಸ್ಟನ್, ಕ್ಲಚ್ ಎಲ್ಲವನ್ನೂ ಬದಲಿಸಿ, ಮುಂದೆಯೂ ಬದಲಿಸುತ್ತಲೇ ಇರುವ ಎಂಜಿನ್ನಿಗೆ ನಾನು ವಿಸ್ಕಸ್ಸನ್ನೇ ಹೇಳುತ್ತೇನೆ, ಏಕೆಂದರೆ ಪ್ರತಿ ಬದಲಾವಣೆಗೂ ಮರುಹೊಂದಾಣಿಕೆ ಬೇಡ. ಒಂದೇ ವಿನ್ಯಾಸದಲ್ಲಿ ನಿಂತು, ಕಿರಿದಾದ ಆರ್‌ಪಿಎಂ ಪಟ್ಟಿಯಲ್ಲಿ ಓಡುವ ರೇಸ್ ಎಂಜಿನ್ನಿಗೆ ಹೊಂದಿಸಿದ ರಬ್ಬರ್ ಡ್ಯಾಂಪರ್ ಮೇಲು. ನಿಮ್ಮ ಎಂಜಿನ್ನಿಗೆ ಇವೆರಡೂ ಸಿಗದಿದ್ದರೆ ರೆವ್ ಲಿಮಿಟ್ ಇಳಿಸಿಕೊಳ್ಳಿ, ಗಟ್ಟಿ ಪುಲ್ಲಿಗೆ ಕೈಹಾಕಬೇಡಿ.

ಬಗೆ ತೀರ್ಮಾನವಾದ ಮೇಲೆ ಸಮತೋಲನದ ಪ್ರಶ್ನೆ ಬರುತ್ತದೆ. ಕ್ರ್ಯಾಂಕು ತನ್ನಷ್ಟಕ್ಕೆ ಸಮತೋಲನದಲ್ಲಿದ್ದರೆ ಡ್ಯಾಂಪರೂ ತನ್ನಷ್ಟಕ್ಕೆ ಸಮತೋಲನದಲ್ಲಿರಬೇಕು. ನಮ್ಮ ನಾಲ್ಕು ಸಿಲಿಂಡರಿನ ಎಂಜಿನ್‌ಗಳು ಸಾಮಾನ್ಯವಾಗಿ ಹೀಗೆಯೇ. ಹೊರಗಿನಿಂದ ತರಿಸಿದ ಹಳೆಯ ಅಮೆರಿಕನ್ ವಿ8 ಜೋಡಿಸುವವರು ಮಾತ್ರ ಎಚ್ಚರದಿಂದಿರಬೇಕು. ಅವುಗಳಲ್ಲಿ ಕೆಲವು ಕ್ರ್ಯಾಂಕುಗಳ ಕೊರತೆಯ ತೂಕವನ್ನು ಡ್ಯಾಂಪರಿಗೂ ಫ್ಲೈವೀಲಿಗೂ ಸೇರಿಸಿರುತ್ತಾರೆ: ಶೆವ್ರೊಲೆಯ 350 ಘನ ಅಂಗುಲದ ಎಂಜಿನ್ನಿಗೆ ಮುಂದೆ ತೂಕವಿಲ್ಲದ ಡ್ಯಾಂಪರ್, 400ಕ್ಕೆ ತೂಕವಿರುವುದು; ಫೋರ್ಡ್ 302ರಲ್ಲಿ 1980ರ ದಶಕದ ಆರಂಭದವರೆಗೆ 28 ಔನ್ಸ್-ಇಂಚಿನ ಅಸಮತೋಲನ, ಆಮೇಲೆ 50ರದು. ಒಂದರದು ಇನ್ನೊಂದಕ್ಕೆ ಬೋಲ್ಟಿನಲ್ಲಿ ಸರಿಯಾಗಿ ಕೂರುತ್ತದೆ, ಎಂಜಿನ್ ಮಾತ್ರ ನಡುಗಿ ಬೇರಿಂಗು ತಿನ್ನುತ್ತದೆ.

ಹೊಸ ಡ್ಯಾಂಪರನ್ನು ಇಲ್ಲಿಯ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳುವುದು ಕೆಟ್ಟ ಯೋಚನೆಯಲ್ಲ. ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಲೆಕ್ಕ: 3 ಕೆ.ಜಿ. ತೂಕದ ಡ್ಯಾಂಪರನ್ನು 8000 ಆರ್‌ಪಿಎಂಗೆ ಜಿ 6.3 ದರ್ಜೆಯಲ್ಲಿ ಬ್ಯಾಲೆನ್ಸ್ ಮಾಡುವುದಾದರೆ ಉಳಿಯಬಹುದಾದ ಅಸಮತೋಲನ ಸುಮಾರು 22 ಗ್ರಾಂ-ಮಿ.ಮೀ. ಕೇಂದ್ರದಿಂದ 75 ಮಿ.ಮೀ. ದೂರದಲ್ಲಿ ಅದು 0.3 ಗ್ರಾಂ, ಅಂದರೆ ಉಕ್ಕಿನಲ್ಲಿ 5 ಮಿ.ಮೀ. ಡ್ರಿಲ್ಲಿನಿಂದ 2 ಮಿ.ಮೀ. ಆಳದ ಗುಳಿ ತೆಗೆದಷ್ಟು. ಅದಕ್ಕಿಂತ ಬಹಳ ಹೆಚ್ಚು ತೋರಿದರೆ ಮಾರಿದವರಿಗೆ ವಾಪಸು ಕೊಡಿ.

ಕೊಳ್ಳುವ ಮುನ್ನ ಅಳತೆ. ಕ್ರ್ಯಾಂಕಿನ ಮೂತಿಯನ್ನು ಮೈಕ್ರೋಮೀಟರಿನಲ್ಲಿ ಉದ್ದಕ್ಕೂ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆದು ಬರೆದಿಡಿ, ಹಬ್ಬಿನ ತೂತನ್ನು ಬೋರ್ ಗೇಜಿನಲ್ಲಿ ಅಳೆಯಿರಿ. ಒತ್ತಿ ಕೂರಿಸುವ ಬಗೆಯದಾದರೆ ಮೂತಿಗಿಂತ ತೂತು ಸುಮಾರು 0.02ರಿಂದ 0.04 ಮಿ.ಮೀ. ಚಿಕ್ಕದಿರುತ್ತದೆ, ಆದರೆ ತಯಾರಕರ ಹಾಳೆಯಲ್ಲಿರುವ ಅಂಕಿಯೇ ಅಂತಿಮ. ಅಳೆಯುವಾಗ ಎರಡೂ ಒಂದೇ ಉಷ್ಣತೆಯಲ್ಲಿರಬೇಕು: 35 ಮಿ.ಮೀ. ವ್ಯಾಸದ ಉಕ್ಕು 20 ಡಿಗ್ರಿ ಬಿಸಿಯಾದರೆ 0.008 ಮಿ.ಮೀ. ಹಿಗ್ಗುತ್ತದೆ. ಬಿಸಿಲಲ್ಲಿ ಬಂದ ಪಾರ್ಸೆಲನ್ನು ಆಗಲೇ ಬಿಚ್ಚಿ ಅಳೆದರೆ ಸರಿಯಾದ ಹಬ್ಬೂ ಸಡಿಲವೆನಿಸುತ್ತದೆ. ಎರಡನ್ನೂ ಒಂದು ರಾತ್ರಿ ಒಂದೇ ಮೇಜಿನ ಮೇಲಿಡಿ. ಜಪಾನಿ ನಾಲ್ಕು ಸಿಲಿಂಡರುಗಳಲ್ಲಿ ಹಬ್ಬು ಸಾಮಾನ್ಯವಾಗಿ ಕೈಯಲ್ಲೇ ಜಾರಿ ಕೂತು ಬೋಲ್ಟಿನ ಬಿಗಿತದಿಂದ ನಿಲ್ಲುತ್ತದೆ. ಅಲ್ಲಿ ಕೀಲಿ ಕೂರುವ ಕೊರಕಲು ಸವೆದಿದೆಯೇ ನೋಡಬೇಕು. ಜನರಲ್ ಮೋಟರ್ಸಿನ ಎಲ್‌ಎಸ್ ವಿ8ಗಳಂತೆ ಕೀಲಿಯೇ ಇಲ್ಲದ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿದರೆ ಬೆಲ್ಟಿನ ಎಳೆತಕ್ಕೆ ಹಬ್ಬು ಜಾರದಂತೆ ಪಿನ್ ಮಾಡಿಸಬೇಕಾಗುತ್ತದೆ.

ಬಹಳ ಜನ ಮರೆಯುವುದು ಸೆನ್ಸರಿನ ಹಲ್ಲುಗಳನ್ನು. ಅನೇಕ ಎಂಜಿನ್‌ಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕ್ರ್ಯಾಂಕಿನ ಸ್ಥಾನವನ್ನು ಮುಂದಿನ ಪುಲ್ಲಿಯ ಹಲ್ಲುಗಳಿಂದಲೇ ಓದುತ್ತದೆ. 60 ಹಲ್ಲಿನ ಜಾಗದಲ್ಲಿ ಎರಡನ್ನು ಬಿಟ್ಟ ಚಕ್ರ, 36ರಲ್ಲಿ ಒಂದನ್ನು ಬಿಟ್ಟ ಚಕ್ರ ಹೆಚ್ಚು ಬಳಕೆಯವು. ಹೊಸ ಡ್ಯಾಂಪರಿನಲ್ಲಿ ಹಲ್ಲುಗಳ ಸಂಖ್ಯೆಯೂ, ಬಿಟ್ಟ ಹಲ್ಲಿನ ಕೋನವೂ ಮೂಲದಂತೆಯೇ ಇರಬೇಕು, ಹಲ್ಲುಗಳು ಹಬ್ಬಿಗೆ ಸೇರಿರಬೇಕು. ರಬ್ಬರಿನ ಆಚೆಗಿನ ಉಂಗುರದ ಮೇಲಿದ್ದರೆ ಉಂಗುರ ಅಲುಗಿದಷ್ಟೂ ಇಗ್ನಿಷನ್ ಟೈಮಿಂಗ್ ಅಲುಗುತ್ತದೆ. ಬೆಲ್ಟಿನ ಗೀರುಗಳ ಸಂಖ್ಯೆ, ಆಲ್ಟರ್ನೇಟರ್ ಪುಲ್ಲಿಯೊಂದಿಗಿನ ನೇರ, ಟೈಮಿಂಗ್ ಕವರಿನ ಸೀಲು ಕೂರುವ ಭಾಗದ ನುಣುಪು, ರೇಡಿಯೇಟರ್ ಫ್ಯಾನಿಗೆ ಉಳಿಯುವ ಜಾಗ, ಇವನ್ನೂ ನೋಡಿಕೊಳ್ಳಿ.

ಗಾತ್ರದ ವಿಷಯದಲ್ಲಿ, ಜಡತ್ವ ವ್ಯಾಸಾರ್ಧದ ವರ್ಗಕ್ಕೆ ತಕ್ಕಂತೆ ಏರುವುದರಿಂದ ತೂಕ ಸೇರಿಸುವುದಕ್ಕಿಂತ ವ್ಯಾಸ ಹೆಚ್ಚಿಸುವುದು ಲಾಭ. ಆದರೆ ಮೂತಿಯಿಂದ ಮುಂದಕ್ಕೆ ಚಾಚಿಕೊಂಡ ಭಾರ ಕ್ರ್ಯಾಂಕನ್ನು ಬಾಗಿಸುತ್ತದೆ. ಸಿಡಿಸುವ ಬಲವೂ ಆರ್‌ಪಿಎಂನ ವರ್ಗದಷ್ಟೇ ಏರುತ್ತದೆ, 6000ದಿಂದ 8000ಕ್ಕೆ ಹೋದರೆ ಸುಮಾರು 1.8 ಪಟ್ಟು. ಹೀಗಾಗಿ ಬೀಡುಕಬ್ಬಿಣದ ಉಂಗುರವನ್ನು ಎತ್ತರದ ಆರ್‌ಪಿಎಂಗೆ ನಂಬಬಾರದು, ಉಕ್ಕಿನದೇ ಬೇಕು. ಅಮೆರಿಕದ ಎಸ್‌ಎಫ್‌ಐ ಎಂಬ ರೇಸ್ ಸುರಕ್ಷತಾ ಸಂಸ್ಥೆಯ 18.1 ಎಂಬ ಮಾನದಂಡದ ಚೀಟಿ ಇದ್ದರೆ ಡ್ಯಾಂಪರ್ ಸಿಡಿಯದೆ ತಿರುಗಬಲ್ಲದೆಂಬ ಭರವಸೆ ಸಿಗುತ್ತದೆ, ನಿಮ್ಮ ಕ್ರ್ಯಾಂಕಿನ ಕಂಪನಕ್ಕೆ ಹೊಂದುತ್ತದೆ ಎಂದು ಆ ಚೀಟಿ ಹೇಳುವುದಿಲ್ಲ. ನಕಲಿ ಮಾಲು ಬರುವುದು ಹೆಚ್ಚಾಗಿ ಹೆಸರಾಂತ ಪೆಟ್ಟಿಗೆಯಲ್ಲೇ. ಕ್ರಮಸಂಖ್ಯೆ ಕೆತ್ತಿದೆಯೇ, ರಬ್ಬರಿನ ಅಂಚು ಸುತ್ತಲೂ ಒಂದೇ ಎತ್ತರದಲ್ಲಿದೆಯೇ ಎಂದು ನೋಡಿ, ಕೂರಿಸಿದ ಮೇಲೆ ಡಯಲ್ ಗೇಜ್ ಹಿಡಿದು ಹೊರ ಅಂಚಿನ ಓಲಾಟ ಅಳೆಯಿರಿ. 0.1 ಮಿ.ಮೀ. ಒಳಗೆ ಇರಬೇಕೆಂಬುದು ನಾನು ಇಟ್ಟುಕೊಂಡಿರುವ ಗೆರೆ. ರೇಸಿಗೆ ಇಳಿಯುವವರು ದೇಶದ ಮೋಟರ್ ಕ್ರೀಡಾ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ತಮ್ಮ ವರ್ಗಕ್ಕೆ ಹಾಕಿರುವ ತಾಂತ್ರಿಕ ನಿಯಮಗಳನ್ನು ಓದಿಕೊಂಡೇ ಹಣ ಕಟ್ಟಲಿ.

ಕೂರಿಸುವಾಗ ಸುತ್ತಿಗೆ ಬೇಡ. ಮೂತಿಯೊಳಗಿನ ತಿರುಪಿನ ಸುತ್ತುಗಳಿಗೆ ಪೂರ್ತಿ ಹೊಗುವ ಸ್ಕ್ರೂ ಉಪಕರಣದಿಂದ ಹಬ್ಬಿನ ಮೇಲೆ ಮಾತ್ರ ಒತ್ತಡ ಬೀಳುವಂತೆ ಎಳೆಯಬೇಕು, ತೆಗೆಯುವಾಗಲೂ ಪುಲ್ಲರು ಹಬ್ಬನ್ನೇ ಹಿಡಿಯಬೇಕು. ಹಬ್ಬು ಬೇರೆಯಾಗಿ ಬಿಚ್ಚಿಬರುವ ಬಗೆಯದಾದರೆ ಅದೊಂದನ್ನೇ 100 ಡಿಗ್ರಿಯವರೆಗೆ ಓವನ್ನಿನಲ್ಲಿ ಬಿಸಿಮಾಡಿ ಕೂರಿಸಬಹುದು, ರಬ್ಬರಿಗೆ ಗ್ಯಾಸಿನ ಜ್ವಾಲೆ ತೋರಿಸುವುದು ಬೇಡ. ಬೋಲ್ಟು ಹೊಸದಿರಲಿ, ಇಂಪ್ಯಾಕ್ಟ್ ಗನ್ನಿನ ಬದಲು ಟಾರ್ಕ್ ವ್ರೆಂಚಿನಲ್ಲಿ, ಕೈಪಿಡಿ ಹೇಳಿದ ಟಾರ್ಕು ಮತ್ತು ಕೋನದಲ್ಲಿ ಬಿಗಿಯಿರಿ. ಬಿಗಿಯುವಾಗ ಕ್ರ್ಯಾಂಕು ತಿರುಗದಂತೆ ಫ್ಲೈವೀಲಿನ ಕಡೆಯಿಂದ ಹಿಡಿಯಬೇಕು.

ಆಮೇಲೆ ಟಿಡಿಸಿ (ಪಿಸ್ಟನ್ ಅತಿ ಮೇಲೆ ಬರುವ ಬಿಂದು) ಗುರುತನ್ನು ನಂಬದೆ ನೀವೇ ಕಂಡುಕೊಳ್ಳಿ. ಮೊದಲ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ತಡೆ ಹಾಕಿ, ಕ್ರ್ಯಾಂಕನ್ನು ಕೈಯಿಂದ ಒಂದು ದಿಕ್ಕಿಗೆ ತಗಲುವವರೆಗೆ ತಿರುಗಿಸಿ ಡಿಗ್ರಿ ಚಕ್ರದಲ್ಲಿ ಗುರುತು ಹಾಕಿ, ಇನ್ನೊಂದು ದಿಕ್ಕಿಗೆ ತಗಲುವವರೆಗೆ ತಿರುಗಿಸಿ ಮತ್ತೊಂದು ಗುರುತು ಹಾಕಿ. ಎರಡರ ನಡುಬಿಂದುವೇ ನಿಜವಾದ ಟಿಡಿಸಿ. ಡ್ಯಾಂಪರಿನ ಗೆರೆ ಅದಕ್ಕೆ ಹೊಂದದಿದ್ದರೆ ಹೊಸ ಗೆರೆ ಎಳೆದು ಹಳೆಯದನ್ನು ಅಳಿಸಿಬಿಡಿ. ರಬ್ಬರಿನದಾದರೆ ಹಬ್ಬಿನಿಂದ ಉಂಗುರದವರೆಗೆ ಅಡ್ಡಲಾಗಿ ಬಿಳಿ ಬಣ್ಣದಲ್ಲಿ ತೆಳುವಾದ ಒಂದು ಗೀಟು ಎಳೆಯಿರಿ. ಪ್ರತಿ ರೇಸಿನ ನಂತರ ಟಾರ್ಚ್ ಹಾಕಿ ಅದನ್ನು ನೋಡಿ. ಗೀಟು ರಬ್ಬರಿನ ಬಳಿ ತುಂಡಾಗಿ ಸರಿದಿದ್ದರೆ ಉಂಗುರ ಜಾರಿದೆ, ಆ ಡ್ಯಾಂಪರನ್ನು ಮತ್ತೆ ಓಡಿಸಬಾರದು. ವಿಸ್ಕಸ್ ಆದರೆ ಕವಚದ ಸುತ್ತ ಬೆರಳಾಡಿಸಿ ನೆಗ್ಗು, ಉಬ್ಬು, ಅಂಟಂಟಾದ ಸೋರಿಕೆ ಇದೆಯೇ ನೋಡಿ. ಮುಂದಿನ ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ ರಬ್ಬರು ನೆನೆಯುವ ಮೊದಲೇ ಸೀಲು ಬದಲಿಸಿ.